ಮಗನಿಗೆ ಪಾಸ್‌ಪೋರ್ಟ್ ಸಮಯ, ತಾಯಿಗೆ ಮಂಗಳವಾರ: ಧರ್ಮಪುರದಿಂದ ಕಂಡಂತೆ ಎರಡು ಸರ್ಕಾರಿ ಸೇವೆಗಳು

ಹಿರಿಯೂರು ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪವಿರುವ ಧರ್ಮಪುರ ಹೋಬಳಿಯ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗ ಉದ್ಯೋಗಕ್ಕಾಗಿ ವಿದೇಶಕ್ಕೆ ಹೊರಟಿದ್ದಾನೆ. ತಾಯಿಗೆ ಮನೋರೋಗದ ಚಿಕಿತ್ಸೆ ನಡೆಯುತ್ತಿದೆ. ಇಬ್ಬರಿಗೂ ಸರ್ಕಾರದಿಂದ ಬೇಕಾಗಿರುವುದು ಒಂದೇ. ಎಲ್ಲಿಗೆ, ಯಾವ ದಿನ, ಎಷ್ಟು ಹೊತ್ತಿಗೆ ಹೋಗಬೇಕೆಂಬ ಖಚಿತ ಮಾಹಿತಿ, ಹಾಗೂ ಹೋದ ಮೇಲೆ ಕೆಲಸವಾಗುತ್ತದೆಂಬ ಭರವಸೆ. ಮಗನಿಗೆ ಅದು ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತದೆ. ತಾಯಿಯ ವಿಷಯದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ, ಔಷಧಿಯ ದಾಸ್ತಾನು, ಆಶಾ ಕಾರ್ಯಕರ್ತೆಯ ನೆನಪು, ಬಸ್ಸಿನ ವೇಳೆ ಇವೆಲ್ಲವೂ ಕೂಡಿಬರಬೇಕು.

ಈ ಎರಡೂ ಸೇವೆಗಳ ಪ್ರಮುಖ ಪ್ರಯೋಗಗಳು ನಡೆದದ್ದು ಕರ್ನಾಟಕದಲ್ಲಿಯೇ ಎಂಬುದು ಗಮನಾರ್ಹ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಚಿತ್ರದುರ್ಗಕ್ಕೆ ತಾಗಿಕೊಂಡಿರುವ ಬಳ್ಳಾರಿ ಜಿಲ್ಲೆ. ಪಾಸ್‌ಪೋರ್ಟ್ ಸೇವಾ ಯೋಜನೆಯನ್ನು 2010ರಲ್ಲಿ ಪ್ರಾಯೋಗಿಕವಾಗಿ ಕೈಗೊಂಡ ಊರುಗಳಲ್ಲಿ ಬೆಂಗಳೂರು, ಹುಬ್ಬಳ್ಳಿ ಹಾಗೂ ಮಂಗಳೂರು ಸೇರಿದ್ದವು. ಒಂದು ಪ್ರಯೋಗ ಕೆಲವೇ ವರ್ಷಗಳಲ್ಲಿ ದೇಶವ್ಯಾಪಿಯಾಗಿ ಗಟ್ಟಿಯಾಯಿತು. ಇನ್ನೊಂದು ನಾಲ್ಕು ದಶಕಗಳ ನಂತರವೂ ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆ ರೀತಿಯಲ್ಲಿ ನಡೆಯುತ್ತಿದೆ.

ಬಳ್ಳಾರಿಯ ಪಾಠ

ಇಪ್ಪತ್ತನೆಯ ಶತಮಾನದ ಬಹುಭಾಗ ಮನೋರೋಗ ಚಿಕಿತ್ಸೆಯೆಂದರೆ ದೊಡ್ಡ ಆಸ್ಪತ್ರೆಯೇ ಆಗಿತ್ತು. ಉತ್ತರದಲ್ಲಿ 1845ರಲ್ಲಿ ಆರಂಭವಾದ ಧಾರವಾಡದ ಆಸ್ಪತ್ರೆ, ದಕ್ಷಿಣದಲ್ಲಿ ಬೆಂಗಳೂರಿನ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, 1974ರ ಡಿಸೆಂಬರ್ 27ರಂದು ಅದೂ ಮಾನಸಿಕ ಆಸ್ಪತ್ರೆಯೂ ವಿಲೀನಗೊಂಡು ನಿಮ್ಹಾನ್ಸ್ ಆಯಿತು. ಚಿತ್ರದುರ್ಗದ ಕಡೆಯ ಕುಟುಂಬಗಳು ರೋಗಿಯನ್ನು ಕರೆದುಕೊಂಡು ಬೆಂಗಳೂರಿನ ಹಾದಿ ಹಿಡಿಯುವ ರೂಢಿ ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿ.ಮೀ. ದೂರ. ಕೂಲಿ ಬಿಟ್ಟು ಹೋಗಿಬರುವ ಇಬ್ಬರಿಗೆ ಒಂದು ಭೇಟಿಯೆಂದರೆ ಎರಡು ದಿನದ ದುಡಿಮೆ ಹೋಯಿತೆಂದೇ ಲೆಕ್ಕ.

ರೋಗಿ ಆಸ್ಪತ್ರೆಗೆ ಬರುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಗಬಾರದೇಕೆ ಎಂಬ ಪ್ರಶ್ನೆಯನ್ನು 1970ರ ದಶಕದಲ್ಲಿ ಗಂಭೀರವಾಗಿ ಎತ್ತಿದವರಲ್ಲಿ ನಿಮ್ಹಾನ್ಸ್‌ನ ಡಾ. ಆರ್.ಎಲ್. ಕಪೂರ್ ಒಬ್ಬರು. ಅದಕ್ಕೂ ಮೊದಲು ಅವರು ಮಾರಿಸ್ ಕಾರ್‌ಸ್ಟೇರ್ಸ್ ಅವರೊಂದಿಗೆ ಅಂದಿನ ದಕ್ಷಿಣ ಕನ್ನಡದ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂದಿತು. ಜನ ವೈದ್ಯರನ್ನೂ ಮಂತ್ರವಾದಿಯನ್ನೂ ಒಂದೇ ಕಾಲಕ್ಕೆ ನಂಬಬಲ್ಲರೆಂಬುದು ಕರಾವಳಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಆರಂಭಿಸಿದ ಗ್ರಾಮೀಣ ಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿ ತರಬೇತಿ ನೀಡಿ ಸಾಮಾನ್ಯ ಮನೋರೋಗಗಳನ್ನು ಗುರುತಿಸಬಹುದೆಂದು ತೋರಿಸಲಾಯಿತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕಾರವಾಯಿತಾದರೂ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಜಾರಿಗೆ ತರುವುದು ಹೇಗೆಂಬುದಕ್ಕೆ ಉತ್ತರ ದೊರೆತದ್ದು 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ. ಆ ಮಾದರಿಯ ಅಂಶಗಳು ಸರಳ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ, ಕೆಲವೇ ಅಗತ್ಯ ಔಷಧಿಗಳ ನಿರಂತರ ಪೂರೈಕೆ, ಸುಲಭವಾದ ದಾಖಲೆ ಪುಸ್ತಕ, ಜಿಲ್ಲಾ ಮಟ್ಟದಲ್ಲಿ ಒಂದು ಮನೋವೈದ್ಯಕೀಯ ತಂಡ, ಪ್ರತಿ ತಿಂಗಳ ವರದಿ ಮತ್ತು ಪರಿಶೀಲನೆ. ಹೊಸ ಕಟ್ಟಡವಾಗಲಿ ದೊಡ್ಡ ಯಂತ್ರವಾಗಲಿ ಇದಕ್ಕೆ ಬೇಕಿರಲಿಲ್ಲ. ಬೇಕಿದ್ದದ್ದು ಬಿಡದೆ ನಡೆಯುವ ಮೇಲ್ವಿಚಾರಣೆ.

ಇದೇ ಮಾದರಿಯ ಆಧಾರದ ಮೇಲೆ ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಅವು ಆಂಧ್ರಪ್ರದೇಶ, ಅಸ್ಸಾಂ, ರಾಜಸ್ಥಾನ ಹಾಗೂ ತಮಿಳುನಾಡಿನವು. ಮಾದರಿ ಕೊಟ್ಟ ರಾಜ್ಯದ ಒಂದು ಜಿಲ್ಲೆಯೂ ಆ ಮೊದಲ ಪಟ್ಟಿಯಲ್ಲಿರಲಿಲ್ಲವೆಂಬುದು ಸರ್ಕಾರಿ ಯೋಜನೆಗಳ ನಡೆಯನ್ನು ಬಲ್ಲವರಿಗೆ ಆಶ್ಚರ್ಯ ತರಲಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಸರಪಳಿಯಿಂದ ಬಂಧಿಸಲಾಗಿದ್ದ 28 ಮಾನಸಿಕ ಅಸ್ವಸ್ಥರು ಬೆಂಕಿಗೆ ಬಲಿಯಾದ ನಂತರ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆ ಬಳಿಕ ರಾಜ್ಯ ಸರ್ಕಾರಗಳ ಮೇಲೆ ಒತ್ತಡ ಹೆಚ್ಚಿತು. ಇಂದು ಕರ್ನಾಟಕದ ಎಲ್ಲ ಜಿಲ್ಲೆಗಳೂ ಕಾರ್ಯಕ್ರಮದ ವ್ಯಾಪ್ತಿಯಲ್ಲಿವೆ.

ಆರು ತಾಲ್ಲೂಕುಗಳ ಲೆಕ್ಕ

2011ರ ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎಂಬ ಆರು ತಾಲ್ಲೂಕುಗಳು. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯ, ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಶುಶ್ರೂಷಕಿ ಹಾಗೂ ದಾಖಲೆ ಸಿಬ್ಬಂದಿ ಇರಬೇಕೆಂಬುದು ಮಾರ್ಗಸೂಚಿ.

2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಕಾರ್ಯಕ್ರಮವನ್ನು ಆರಂಭಿಸಿತು. ಇದರನ್ವಯ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೊರರೋಗಿಗಳನ್ನು ನೋಡುತ್ತಾರೆ. ಕಾರ್ಯಕ್ರಮದ ನಿಜವಾದ ಮೌಲ್ಯ ವಾರವನ್ನು ಗೊತ್ತುಪಡಿಸಿದ್ದರಲ್ಲಿದೆ. ಸಂತೆಯ ದಿನ ಯಾವುದೆಂದು ಹೇಗೆ ಎಲ್ಲರಿಗೂ ಗೊತ್ತೋ ಹಾಗೆಯೇ ‘ಮಾನಸಿಕ ಡಾಕ್ಟರು ಬರುವುದು ಮಂಗಳವಾರ’ ಎಂಬುದು ಜನರ ನೆನಪಿನಲ್ಲಿ ಉಳಿಯುತ್ತದೆ. ಅರ್ಜಿ, ಟೋಕನ್, ಅಂತರ್ಜಾಲ ಯಾವುದೂ ಬೇಕಿಲ್ಲ.

ಆದರೆ ಲೆಕ್ಕ ಹಾಕಿದರೆ ತೊಡಕು ತಾನಾಗಿಯೇ ಕಾಣುತ್ತದೆ. ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಚಿತ್ರದುರ್ಗದಲ್ಲಿ ಐದು ತಾಲ್ಲೂಕು ಕೇಂದ್ರಗಳಿವೆ. ಸಾಮಾನ್ಯವಾಗಿ ತಿಂಗಳಿಗೆ ನಾಲ್ಕು ಮಂಗಳವಾರ. ಒಬ್ಬರೇ ಮನೋವೈದ್ಯರು ಎಲ್ಲ ಕಡೆಗೂ ತಿಂಗಳಿಗೊಮ್ಮೆ ಹೋಗಬೇಕೆಂದರೂ ಒಂದು ತಾಲ್ಲೂಕು ಹೊರಗುಳಿಯುತ್ತದೆ. ವೈದ್ಯಕೀಯ ಕಾಲೇಜುಗಳ ಮತ್ತು ಖಾಸಗಿ ಮನೋವೈದ್ಯರ ನೆರವಿಲ್ಲದೆ ಈ ವೇಳಾಪಟ್ಟಿ ನಿಲ್ಲುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಮೊದಲಿನಿಂದ ಇದ್ದು, 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆರಂಭವಾದದ್ದು ಈ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

ಮನೋರೋಗದ ಚಿಕಿತ್ಸೆ ಒಂದು ಭೇಟಿಯಲ್ಲಿ ಮುಗಿಯುವಂಥದ್ದಲ್ಲ. ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಕಾಯಿಲೆಯಿರುವವರು ವರ್ಷಗಟ್ಟಲೆ ಔಷಧಿ ಸೇವಿಸಬೇಕಾಗಬಹುದು. ಒಂದು ಮಂಗಳವಾರ ವೈದ್ಯರು ರಜೆಯಲ್ಲಿದ್ದು, ಮುಂದಿನ ಬಾರಿ ಔಷಧಿ ಮುಗಿದಿದ್ದು, ಅದರ ಮರುಬಾರಿ ಕಡಲೆಕಾಯಿ ಕೀಳುವ ಕೆಲಸ ಬಂದರೆ ಮೂರು ತಿಂಗಳು ಮಾತ್ರೆಯಿಲ್ಲದೆ ಕಳೆಯುತ್ತದೆ. ರೋಗ ಮರುಕಳಿಸಿದಾಗ ‘ಸರ್ಕಾರಿ ಮಾತ್ರೆ ನಾಟಲಿಲ್ಲ’ ಎಂಬ ಮಾತು ಹುಟ್ಟುತ್ತದೆ. ಮಾತ್ರೆ ನಿಂತದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಧರ್ಮಪುರದಂಥ ಹೋಬಳಿಗೆ ತಾಲ್ಲೂಕು ಕೇಂದ್ರವೇ ದೂರವಾದುದರಿಂದ, ಒಮ್ಮೆ ಮನೋವೈದ್ಯರು ಗೊತ್ತುಪಡಿಸಿದ ಔಷಧಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮುಂದುವರಿಸುವುದು ಮುಖ್ಯವಾಗುತ್ತದೆ. ಬಳ್ಳಾರಿ ಮಾದರಿಯ ತಿರುಳೂ ಅದೇ ಆಗಿತ್ತು.

ಇದು ಸಾಧ್ಯವಾಗದ ಮಾತೇನಲ್ಲ. ತೀರ್ಥಹಳ್ಳಿ, ತುರುವೇಕೆರೆ ಮತ್ತು ಚಿತ್ರದುರ್ಗದ ನೆರೆಯ ಜಗಳೂರು ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ಸ್ಥಳೀಯ ಆರೋಗ್ಯ ಸಿಬ್ಬಂದಿಯೊಡನೆ ತೀವ್ರ ಮನೋರೋಗವಿರುವವರನ್ನು ಮನೆಮನೆಯಲ್ಲಿ ಗುರುತಿಸಿ, ಚಿಕಿತ್ಸೆ ಕೊಡಿಸಿ, ಬಾರದವರನ್ನು ಮತ್ತೆ ಹುಡುಕಿಹೋಗುವ ಕಾರ್ಯವನ್ನು ನಡೆಸಿತು. ಚಿಕಿತ್ಸೆ ಕಾಣದೆ ವರ್ಷಗಳನ್ನು ಕಳೆದವರು ಅಲ್ಲಿ ಕಂಡುಬಂದರು. ಚಿಕಿತ್ಸೆ ದೊರೆತಾಗ ಅವರ ಅಸಾಮರ್ಥ್ಯ ಇಳಿಮುಖವಾದದ್ದೂ ದಾಖಲಾಯಿತು. ಮುಖ್ಯ ವ್ಯತ್ಯಾಸವೆಂದರೆ, ಗೊತ್ತಾದ ದಿನ ರೋಗಿ ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವ ಒಬ್ಬ ವ್ಯಕ್ತಿ ಅಲ್ಲಿದ್ದರು.

ಸಮಯ ಗೊತ್ತುಪಡಿಸಿದ ಪಾಸ್‌ಪೋರ್ಟ್ ಕಚೇರಿ

ಇನ್ನು ಮಗನ ವಿಷಯ. 2010ಕ್ಕೆ ಮೊದಲು ಪಾಸ್‌ಪೋರ್ಟ್ ಮಾಡಿಸುವುದೆಂದರೆ ಬೆಳಗಿನ ಸಾಲು, ಅರ್ಜಿ ತುಂಬಿಕೊಡುವ ಮಧ್ಯವರ್ತಿ, ಕಡತ ಎಲ್ಲಿದೆಯೆಂದು ತಿಳಿಯದ ತಿಂಗಳುಗಳು. ವಿದೇಶಾಂಗ ಸಚಿವಾಲಯ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಜೊತೆಗೂಡಿ ರೂಪಿಸಿದ ಪಾಸ್‌ಪೋರ್ಟ್ ಸೇವಾ ಯೋಜನೆ ಕರ್ನಾಟಕ ಮತ್ತು ಚಂಡೀಗಢದ ಸುತ್ತಲಿನ ಏಳು ಕೇಂದ್ರಗಳಲ್ಲಿ ಪ್ರಯೋಗಗೊಂಡು, 2012ರ ಮಧ್ಯಭಾಗದ ಹೊತ್ತಿಗೆ 77 ಕೇಂದ್ರಗಳಿಗೆ ವಿಸ್ತರಿಸಿತು. 2017ರ ಜನವರಿ 25ರಂದು ಮೈಸೂರಿನ ಅಂಚೆ ಕಚೇರಿಯಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಆರಂಭವಾಯಿತು.

ಅರ್ಜಿದಾರ ಅಂತರ್ಜಾಲದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಲಭ್ಯವಿರುವ ದಿನ ಮತ್ತು ಸಮಯವನ್ನು ಆರಿಸಿಕೊಳ್ಳುತ್ತಾನೆ. ಜಿಲ್ಲೆಯ ಹೊರಗಿನ ಕೇಂದ್ರವನ್ನೂ ಆರಿಸಬಹುದು. ಅಂದು ಹೋಗಲಾಗದಿದ್ದರೆ, ಒಂದು ವರ್ಷದೊಳಗೆ ಮೂರು ಬಾರಿ ದಿನಾಂಕ ಬದಲಿಸಲು ಅವಕಾಶವಿದೆ. ಕಡತ ಸಂಖ್ಯೆಯಿಂದ ಅರ್ಜಿ ಎಲ್ಲಿದೆಯೆಂಬುದನ್ನು ತಿಳಿಯಬಹುದು. ಪೊಲೀಸ್ ಪರಿಶೀಲನೆಯ ಹಂತ ಜಿಲ್ಲಾ ಪೊಲೀಸರ ಬಳಿಗೆ ಹೋಗುತ್ತದೆ. ಹೀಗೆ ಕೇಂದ್ರ ಸರ್ಕಾರ, ಖಾಸಗಿ ಸಂಸ್ಥೆ, ಅಂಚೆ ಇಲಾಖೆ ಹಾಗೂ ರಾಜ್ಯ ಪೊಲೀಸ್ ಎಂಬ ನಾಲ್ಕು ಕೈಗಳು ಒಂದೇ ಕಡತವನ್ನು ಹಿಡಿದಿದ್ದರೂ ಅರ್ಜಿದಾರನಿಗೆ ಕಾಣುವುದು ಒಂದೇ ಬಾಗಿಲು. ಹತ್ತನೆಯ ತರಗತಿ ಮುಗಿಸದ ಕಾರ್ಮಿಕರು ಗಲ್ಫ್ ಸೇರಿದಂತೆ ಗೊತ್ತುಪಡಿಸಿದ 18 ರಾಷ್ಟ್ರಗಳಿಗೆ ಉದ್ಯೋಗಕ್ಕೆ ತೆರಳುವಾಗ ವಲಸೆ ಅನುಮತಿ ಎಂಬ ಮತ್ತೊಂದು ಹಂತವಿದೆ; ಅದೂ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ನಡೆಯುತ್ತದೆ.

ಪಾಸ್‌ಪೋರ್ಟ್‌ನದು ಎರಡು ಮೂರು ಹಂತದ ಕೆಲಸ, ಆದಾಯ ತರುವ ಸೇವೆ, ಅರ್ಜಿದಾರನೇ ಬೆನ್ನುಹತ್ತಿ ಮಾಡಿಸಿಕೊಳ್ಳುವಂಥದ್ದು. ಮನೋರೋಗಿ ಹಲವು ವೇಳೆ ತನಗೆ ರೋಗವಿದೆಯೆಂದೇ ಒಪ್ಪುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಇವೆರಡನ್ನು ತಕ್ಕಡಿಯಲ್ಲಿಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಹಲವು ಇಲಾಖೆಗಳ ನಡುವಿನ ಕಡತವನ್ನು ಒಂದೇ ಸಂಖ್ಯೆಯಿಂದ ಹಿಂಬಾಲಿಸಬಹುದೆಂದು ಸರ್ಕಾರವೇ ತೋರಿಸಿಕೊಟ್ಟ ಮೇಲೆ, ಹಿರಿಯೂರಿನಲ್ಲಿ ಬರೆದ ಚೀಟಿ ಚಿತ್ರದುರ್ಗದಲ್ಲಿ ಸಿಗದಿರುವುದಕ್ಕೆ ತಾಂತ್ರಿಕ ಕಾರಣ ಉಳಿದಿಲ್ಲ. ನಿಮ್ಹಾನ್ಸ್ ಸಹಯೋಗದಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ-ಬಿ) ರಾಜ್ಯಕ್ಕಾಗಿ ರೂಪಿಸಿದ ‘ಇ-ಮನಸ್’ ವ್ಯವಸ್ಥೆಯ ಉದ್ದೇಶವೂ ಇದೇ ಬಗೆಯದು. ಚಿಕಿತ್ಸಾ ಕೇಂದ್ರಗಳ ಮತ್ತು ತಜ್ಞರ ನೋಂದಣಿ, ರೋಗಿಯ ಒಪ್ಪಿಗೆಯ ಮೇರೆಗೆ ಚಿಕಿತ್ಸಾ ದಾಖಲೆಗಳ ಹಂಚಿಕೆ ಅದರ ಭಾಗ.

ಹಕ್ಕು ಎಂದು ಕರೆದ ಕಾಯ್ದೆ

2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಕಲಂ ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬ ವ್ಯಕ್ತಿಯ ಹಕ್ಕೆಂದು ಹೇಳುತ್ತದೆ. ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎಂದಿರುವುದನ್ನು ಗಮನಿಸಬೇಕು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಸೇವೆ ದೊರೆಯುವಂತೆ ಮಾಡುವುದು ಸರ್ಕಾರದ ಹೊಣೆ. ಆ ಸೇವೆ ಇಲ್ಲದ ಜಿಲ್ಲೆಯಲ್ಲಿ ರೋಗಿ ಬೇರೆ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅದರ ವೆಚ್ಚವನ್ನು ಸರ್ಕಾರ ಭರಿಸಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ, ಅವರ ಬಳಿ ಕಾರ್ಡ್ ಇರಲಿ ಇಲ್ಲದಿರಲಿ, ಹಾಗೆಯೇ ನಿರ್ಗತಿಕರಿಗೆ ಮತ್ತು ವಸತಿಹೀನರಿಗೆ ಸರ್ಕಾರಿ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತ. ಈ ಅಂಶಗಳು ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಇರಬೇಕಾದವು.

23ನೆಯ ಕಲಂ ಗೋಪ್ಯತೆಗೆ ಸಂಬಂಧಿಸಿದ್ದು. ಕಾಯ್ದೆ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ಚಿಕಿತ್ಸೆಯ ವಿವರವನ್ನು ಇತರರಿಗೆ ತಿಳಿಸುವಂತಿಲ್ಲ. ‘ಮಾನಸಿಕ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ’ ಎಂಬ ಭಯದಿಂದ ಯುವಕರು ಚಿಕಿತ್ಸೆಯನ್ನು ಮುಂದೂಡುವುದುಂಟು. ಈ ಭಯಕ್ಕೆ ಆಧಾರವಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ನಿರಾಕರಣೆಗೆ ಪಟ್ಟಿ ಮಾಡಿರುವ ಕಾರಣಗಳಲ್ಲಿ ಮನೋರೋಗದ ಚಿಕಿತ್ಸೆ ಸೇರಿಲ್ಲ.

ವೀಸಾ ಬೇರೆ ಮಾತು. ಅದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಅಮೆರಿಕದಲ್ಲಿ ಶಾಶ್ವತವಾಗಿ ನೆಲೆಸುವ ವೀಸಾಕ್ಕೆ ಅವರು ನೇಮಿಸಿದ ವೈದ್ಯರಿಂದ ತಪಾಸಣೆ ಆಗಬೇಕು. ಅಲ್ಲಿಯೂ ರೋಗವಿದೆಯೆಂಬುದು ಮಾತ್ರವೇ ಅಡ್ಡಿಯಲ್ಲ. ರೋಗದೊಂದಿಗೆ ತನಗೆ ಅಥವಾ ಇತರರಿಗೆ ಅಪಾಯ ತರುವ ವರ್ತನೆ ಇದೆಯೇ ಎಂಬುದೇ ಪ್ರಶ್ನೆ.

ಎರಡು ದಾರಿಗಳು ಕೂಡುವಲ್ಲಿ

ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು ಮತ್ತು ಚಿತ್ರದುರ್ಗವನ್ನು ಹಾದುಹೋಗುತ್ತದೆ. ಹೆದ್ದಾರಿಯ ಊರುಗಳಲ್ಲಿ ಲಾರಿ ನಿಲ್ದಾಣದ ಬಳಿಯೋ ಬಸ್ ನಿಲ್ದಾಣದಲ್ಲೋ ತನ್ನ ಹೆಸರು ಹೇಳಲಾರದ, ಭಾಷೆ ತಿಳಿಯದ ಅಸ್ವಸ್ಥರು ಕಂಡುಬರುವುದು ಹೊಸದಲ್ಲ. ಕಾಯ್ದೆಯ 100ನೆಯ ಕಲಂ ಪ್ರಕಾರ ಇಂಥವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು, ಲಾಕಪ್‌ನಲ್ಲಿ ಇರಿಸುವಂತಿಲ್ಲ. ಅಲ್ಲಿಂದ ಮುಂದೆ ಆರೋಗ್ಯ ಇಲಾಖೆ, ಪೊಲೀಸ್, ನಿರಾಶ್ರಿತರ ಪರಿಹಾರ ಕೇಂದ್ರ ಹಾಗೂ ಬೇರೆ ರಾಜ್ಯದ ಆಡಳಿತ ಒಂದಾಗಿ ಕೆಲಸ ಮಾಡಿದರೆ ಮಾತ್ರ ಆ ವ್ಯಕ್ತಿ ಮನೆ ಸೇರುತ್ತಾನೆ. ಔಷಧಿ ನಾಟಿ ಕೆಲವು ವಾರಗಳ ನಂತರ ಊರಿನ ಹೆಸರು ಬಾಯಿಗೆ ಬಂದಾಗ ಅದನ್ನು ಬರೆದುಕೊಳ್ಳಲು ಅವನ ಭಾಷೆ ಬಲ್ಲವರು ಬೇಕು.

ಆ ವ್ಯಕ್ತಿ ವಿದೇಶೀಯನೆಂದು ತಿಳಿದುಬಂದರೆ ವಲಸೆ ಅಧಿಕಾರಿಗಳೂ ಕೂಡಿಕೊಳ್ಳುತ್ತಾರೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯು ಒಳರೋಗಿಗಳಿಗೆ ವಸತಿಯಿರುವ ಆಸ್ಪತ್ರೆಗಳು ತಮ್ಮಲ್ಲಿ ಚಿಕಿತ್ಸೆ ಪಡೆಯುವ ವಿದೇಶೀಯರ ಮಾಹಿತಿಯನ್ನು ನೋಂದಣಾಧಿಕಾರಿಗೆ ನೀಡಬೇಕೆಂದು ವಿಧಿಸುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಪ್ರಾದೇಶಿಕ ಕಚೇರಿಯೇ ಇದೆ. ಜಿಲ್ಲೆಗಳಲ್ಲಿ ಈ ಹೊಣೆಯನ್ನು ಪೊಲೀಸ್ ವರಿಷ್ಠಾಧಿಕಾರಿಗಳು ನಿರ್ವಹಿಸುತ್ತ ಬಂದಿದ್ದಾರೆ. ಒಂದು ಕಾಯ್ದೆ ಮಾಹಿತಿ ಕೊಡು ಎನ್ನುತ್ತದೆ, ಇನ್ನೊಂದು ಗೋಪ್ಯತೆ ಕಾಪಾಡು ಎನ್ನುತ್ತದೆ. ವ್ಯಕ್ತಿ ದಾಖಲಾಗಿದ್ದಾನೆಂಬ ಸಂಗತಿಯನ್ನು ತಿಳಿಸುವುದು ಬೇರೆ, ರೋಗದ ವಿವರವನ್ನೆಲ್ಲ ಬಿಚ್ಚಿಡುವುದು ಬೇರೆ ಎಂಬ ವಿವೇಕವನ್ನು ಆಸ್ಪತ್ರೆಯ ಕಚೇರಿ ಸಿಬ್ಬಂದಿಗೆ ತರಬೇತಿಯ ಮೂಲಕವೇ ಕೊಡಬೇಕಾಗುತ್ತದೆ.

ಗಡಿಯ ಇನ್ನೊಂದು ತೊಡಕು ಧರ್ಮಪುರದ ಹತ್ತಿರವೇ ಇದೆ. ಆಚೆಗಿನ ಮಡಕಶಿರಾ ಸೀಮೆಯಲ್ಲಿ ಕನ್ನಡ ಮಾತನಾಡುವ ಹಳ್ಳಿಗಳಿವೆ. ವ್ಯವಹಾರ, ನೆಂಟಸ್ತನ ಎರಡೂ ಕಡೆ ಹಬ್ಬಿದೆ. ಆದರೆ ಜಿಲ್ಲಾ ಕಾರ್ಯಕ್ರಮ, ಔಷಧಿ ಬೇಡಿಕೆಪಟ್ಟಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಎಲ್ಲವೂ ರಾಜ್ಯವಾರು. ಮದುವೆಯಾಗಿ ಈಚೆಗೆ ಬಂದ ಹೆಣ್ಣುಮಗಳ ಹಳೆಯ ಚಿಕಿತ್ಸಾ ದಾಖಲೆ ಆಚೆಯ ಆಸ್ಪತ್ರೆಯಲ್ಲಿಯೇ ಉಳಿದುಬಿಡುತ್ತದೆ.

14416 ಮತ್ತು ದೂರದ ಮಕ್ಕಳು

2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉದ್ಘಾಟನೆಗೊಂಡ ‘ಟೆಲಿ-ಮನಸ್’ ಸೇವೆ ಈ ಅಂತರವನ್ನು ತುಸು ಕಡಿಮೆ ಮಾಡಿದೆ. 14416 ಅಥವಾ 1-800-891-4416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದರೆ ಕರೆಯನ್ನು ತಜ್ಞರಿಗೆ ವರ್ಗಾಯಿಸಿ, ಹತ್ತಿರದ ಜಿಲ್ಲಾ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿಗೋ ಕಳುಹಿಸಲಾಗುತ್ತದೆ. 2025ರ ಹೊತ್ತಿಗೆ ದೇಶದಾದ್ಯಂತ ಬಂದ ಕರೆಗಳ ಸಂಖ್ಯೆ 20 ಲಕ್ಷ ದಾಟಿತ್ತು. ದೂರವಾಣಿ ಸಮಾಧಾನ ನೀಡಬಲ್ಲದು, ದಾರಿ ತೋರಬಲ್ಲದು. ಮಾತ್ರೆ ಮಾತ್ರ ಆಸ್ಪತ್ರೆಯ ಔಷಧಾಲಯದಿಂದಲೇ ಬರಬೇಕು.

ವಿದೇಶದಲ್ಲಿರುವ ಮಕ್ಕಳಿಗೆ ಊರಿನ ತಂದೆತಾಯಿಯ ಪರವಾಗಿ ಸಮಯ ಗೊತ್ತುಮಾಡುವ ಸರ್ಕಾರಿ ಮಾರ್ಗ ಈಗಲೂ ಸುಲಭವಾಗಿಲ್ಲ. ತಾಯಿಗೆ ಕಾಯಿಲೆ ಹೆಚ್ಚಾದಾಗ ಮಗ ಬರಬೇಕೆಂದರೆ ಅವನ ವೀಸಾ ಸಮಯ ಅಡ್ಡಬರಬಹುದು. 2025ರ ಡಿಸೆಂಬರ್ 15ರಿಂದ ಅಮೆರಿಕವು ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆಯನ್ನು ಆರಂಭಿಸಿದಾಗ ಭಾರತದಲ್ಲಿ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು; ರಜೆಗೆಂದು ಬಂದವರು ಮರಳಲಾಗದೆ ಇಲ್ಲಿಯೇ ಉಳಿದರು. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ದೂತಾವಾಸ ಉದ್ಘಾಟನೆಯಾದಾಗ ವೀಸಾ ಸೇವೆ ಅದರಲ್ಲಿ ಸೇರಿರಲಿಲ್ಲ. ಕನ್ನಡಿಗರು ಚೆನ್ನೈ, ಹೈದರಾಬಾದ್ ಕಡೆಗೇ ಮುಖ ಮಾಡಬೇಕಾಯಿತು. ಹೊರದೇಶದಲ್ಲಿ ಸಂಕಷ್ಟಕ್ಕೆ ಸಿಲುಕಿದ ಭಾರತೀಯರು 2015ರಲ್ಲಿ ಆರಂಭವಾದ ‘ಮದದ್’ ಜಾಲತಾಣದ ಮೂಲಕ ರಾಯಭಾರ ಕಚೇರಿಗೆ ದೂರು ಸಲ್ಲಿಸಬಹುದು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಅರ್ಹರಿಗೆ ತುರ್ತು ವೈದ್ಯಕೀಯ ನೆರವೂ ಉಂಟು. ಅಮೆರಿಕದಲ್ಲಿರುವವರಿಗೆ ಮಾನಸಿಕ ತುರ್ತು ಸಂದರ್ಭದಲ್ಲಿ 2022ರ ಜುಲೈನಿಂದ 988 ಸಂಖ್ಯೆ ಲಭ್ಯವಿದೆ.

ತಾನೇ ಚಿಕಿತ್ಸೆಯಲ್ಲಿದ್ದು ವಿದೇಶಕ್ಕೆ ಹೊರಡುವವರು ಹೊರಡುವ ಮುನ್ನ ಮನೋವೈದ್ಯರಿಂದ ಔಷಧಿಯ ಮೂಲ ಹೆಸರು, ಪ್ರಮಾಣ ಹಾಗೂ ಅವಧಿಯನ್ನು ನಮೂದಿಸಿದ ಪತ್ರವನ್ನು ಇಂಗ್ಲಿಷಿನಲ್ಲಿ ಪಡೆದುಕೊಳ್ಳುವುದು ಲೇಸು. ನಿದ್ರೆ ಮತ್ತು ಆತಂಕಕ್ಕೆ ನೀಡುವ ಕೆಲವು ಮಾತ್ರೆಗಳು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿವೆ. ಅವುಗಳನ್ನು ಸ್ವಂತ ಬಳಕೆಗೆ ಒಯ್ಯಲೂ ಅಲ್ಲಿನ ಸರ್ಕಾರದ ಅನುಮತಿಯನ್ನು ಅಂತರ್ಜಾಲದ ಮೂಲಕ ಮುಂಚಿತವಾಗಿ ಪಡೆದಿರಬೇಕು. ವಿಮಾನದ ಟಿಕೆಟ್ ಕಾಯ್ದಿರಿಸುವಾಗಲೇ ತಾಲ್ಲೂಕು ಆಸ್ಪತ್ರೆಯ ಮಂಗಳವಾರವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಈ ಪತ್ರಕ್ಕಾಗಿ ಕೊನೆಯ ವಾರದಲ್ಲಿ ಬೆಂಗಳೂರಿಗೆ ಓಡುವುದು ತಪ್ಪುತ್ತದೆ.